ಬಾಬಿ ಶಾರ್ಟ್: 1971ರ ಪ್ಲೇಟು ಕೇಳಿದ ಕಿವಿಗೆ 1999ರ ಸಿ.ಡಿ. ಯಾಕೆ ಒಗ್ಗುತ್ತಿಲ್ಲ?

ಹಳೆಪ್ಲೇಟು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ.

ನ್ಯೂಜೆರ್ಸಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ನಿವೃತ್ತರಾದ ಮೇಲೆ ಮೈಸೂರಿಗೆ ಬಂದು ನೆಲೆಸಿದ್ದ ನನ್ನ ಸೋದರಮಾವ ಹೋದ ವರ್ಷ ತೀರಿಕೊಂಡರು. ಅವರ ಸಂಗೀತದ ಪೆಟ್ಟಿಗೆಯನ್ನು ಅತ್ತೆ ನನಗೆ ಕೊಟ್ಟಿದ್ದಾರೆ. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇವರ ಕ್ಯಾಸೆಟ್ಟುಗಳ ನಡುವೆ, ನಾನು ಹಿಂದೆಂದೂ ಹೆಸರು ಕೇಳಿರದ ಬಾಬಿ ಶಾರ್ಟ್ ಎಂಬ ಅಮೆರಿಕದ ಗಾಯಕರ ಐದು ಮುದ್ರಿಕೆಗಳು ಸಿಕ್ಕಿದವು. ಒಂದು ಜೋಡಿ ಎಲ್‌ಪಿ, ಅಟ್ಲಾಂಟಿಕ್ ಕಂಪನಿ 1971ರಲ್ಲಿ ಹೊರತಂದ ‘ಬಾಬಿ ಶಾರ್ಟ್ ಲವ್ಸ್ ಕೋಲ್ ಪೋರ್ಟರ್’. ಉಳಿದ ನಾಲ್ಕೂ ಟೆಲಾರ್ಕ್ ಕಂಪನಿಯ ಸಿ.ಡಿ.ಗಳು: 1992ರ ‘ಲೇಟ್ ನೈಟ್ ಅಟ್ ದ ಕೆಫೆ ಕಾರ್ಲೈಲ್’, 1993ರ ‘ಸ್ವಿಂಗ್ ದಟ್ ಮ್ಯೂಸಿಕ್’, 1995ರ ‘ಸಾಂಗ್ಸ್ ಆಫ್ ನ್ಯೂಯಾರ್ಕ್’, 1999ರ ‘ಯೂ ಆರ್ ದ ಟಾಪ್’. ಕೊನೆಯದೂ ಅಮೆರಿಕದ ಗೀತರಚನೆಕಾರ ಕೋಲ್ ಪೋರ್ಟರ್ ಅವರ ಪ್ರೇಮಗೀತೆಗಳದೇ ಸಂಗ್ರಹ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್‌ಪಿಯ ಹೊದಿಕೆಯ ಜೊತೆಗಿದ್ದ ಒಂದು ಹಳೆಯ ಪತ್ರಿಕೆಯ ತುಣುಕಿನಲ್ಲಿ ಇವರನ್ನು ‘ಕ್ಯಾಬರೆ ಗಾಯಕ’ ಎಂದು ಕರೆದಿದ್ದನ್ನು ಓದಿ ನಾನು ಸ್ವಲ್ಪ ಗಲಿಬಿಲಿಗೊಂಡೆ. ನಮ್ಮಲ್ಲಿ ಕ್ಯಾಬರೆ ಎಂದರೆ ಎಪ್ಪತ್ತರ ದಶಕದ ಸಿನಿಮಾಗಳಲ್ಲಿ ಖಳನಾಯಕನ ಅಡ್ಡೆಯಲ್ಲಿ ನಡೆಯುವ ಕುಣಿತವೇ ತಾನೇ ಕಣ್ಣಮುಂದೆ ಬರುವುದು. ಇಲ್ಲಿ ಕಂಡದ್ದು ಕಪ್ಪು ಸೂಟು, ಬೋ ಟೈ ಧರಿಸಿ ಪಿಯಾನೋ ಮುಂದೆ ಕುಳಿತ ಅತ್ಯಂತ ಸಭ್ಯ ಮನುಷ್ಯ.

ಈಗ ನನ್ನ ಪ್ರಶ್ನೆ. ಎಲ್‌ಪಿ ಹಾಕಿದ ಮೊದಲ ದಿನವೇ ನಾನು ಇವರಿಗೆ ಮರುಳಾದೆ. ಇಂಗ್ಲಿಷ್ ಹಾಡುಗಳ ಸಾಹಿತ್ಯ ನನಗೆ ಅಷ್ಟಾಗಿ ಕಿವಿಗೆ ಹತ್ತುವುದಿಲ್ಲವಾದರೂ ಇವರ ಒಂದೊಂದು ಪದವೂ ಬಿಡಿಸಿಟ್ಟ ಹಾಗೆ ಕೇಳಿಸಿತು. ಅದೇ ಹುರುಪಿನಲ್ಲಿ 1999ರ ಸಿ.ಡಿ. ಹಾಕಿದರೆ ಬೇರೆ ಯಾರೋ ಹಾಡುತ್ತಿದ್ದಾರೆ ಅನ್ನಿಸಿತು. ದನಿ ಗೊಗ್ಗರಾಗಿದೆ, ಎತ್ತರದ ಸ್ವರಗಳಲ್ಲಿ ಬಿರುಕು ಬಿಡುತ್ತದೆ, ದೀರ್ಘವಾಗಿ ನಿಲ್ಲಬೇಕಾದ ಜಾಗದಲ್ಲಿ ಉಸಿರು ಕಂಪಿಸುತ್ತದೆ. ಇದು ಬರೀ ವಯಸ್ಸಿನ ಕೆಲಸವೇ ಅಥವಾ ಇವರು ಬೇಕೆಂದೇ ಶೈಲಿಯನ್ನು ಬದಲಿಸಿಕೊಂಡರೇ? ಕೊನೆಗಾಲದ ಈ ನಾಲ್ಕು ಸಿ.ಡಿ.ಗಳನ್ನು ಕುಳಿತು ಕೇಳುವ ಯೋಗ್ಯತೆ ಇದೆಯೇ, ಇದ್ದರೆ ಯಾವುದರಿಂದ ಶುರು ಮಾಡಬೇಕು? ಮಾವ ಈ ನಾಲ್ಕನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದರು ಎಂಬುದರಿಂದ, ನನ್ನ ಕಿವಿಯಲ್ಲೇ ಏನೋ ಕೊರತೆ ಇರಬೇಕು ಎಂಬ ಅನುಮಾನವೂ ಇದೆ.


ಕಪ್ಪು ಎರಡು:

ಹಳೆಪ್ಲೇಟು ಅವರೇ, ನಿಮ್ಮ ಕಿವಿಯಲ್ಲಿ ಕೊರತೆ ಏನೂ ಇಲ್ಲ. ನೀವು ಇಪ್ಪತ್ತೆಂಟು ವರ್ಷಗಳ ಅಂತರವನ್ನು ಒಂದೇ ಸಂಜೆಯಲ್ಲಿ ದಾಟಿದ್ದೀರಿ, ಅಷ್ಟೇ. ಬಾಬಿ ಶಾರ್ಟ್ ಹುಟ್ಟಿದ್ದು 1924ರ ಸೆಪ್ಟೆಂಬರ್ 15ರಂದು. ನಿಮ್ಮ ಎಲ್‌ಪಿ ಹೊರಬಂದಾಗ ಅವರಿಗೆ ನಲವತ್ತಾರು ನಲವತ್ತೇಳು, ಕೊನೆಯ ಸಿ.ಡಿ. ಬಂದಾಗ ಎಪ್ಪತ್ತನಾಲ್ಕು ಎಪ್ಪತ್ತೈದು. ನಡುವಿನ ಮೆಟ್ಟಿಲುಗಳನ್ನು ಹತ್ತದೆ ಒಮ್ಮೆಲೇ ಮೇಲಕ್ಕೆ ಹಾರಿದರೆ ಯಾರಿಗಾದರೂ ತಲೆ ತಿರುಗುತ್ತದೆ.

ಆದರೆ ಒಂದು ತಿದ್ದುಪಡಿ ಬೇಕು. ಶಾರ್ಟ್ ಅವರ ದನಿಯಲ್ಲಿ ಗೊಗ್ಗರು ಎನ್ನುವುದು ಮುಪ್ಪಿನಲ್ಲಿ ಬಂದದ್ದಲ್ಲ. 1971ರ ಆ ಪ್ಲೇಟನ್ನೇ ಇನ್ನೊಮ್ಮೆ ಹಾಕಿ, ರಭಸದ ಹಾಡುಗಳ ಕೊನೆಯ ಸಾಲುಗಳನ್ನು ಗಮನಿಸಿ ನೋಡಿ. ಆಗಲೇ ಅಲ್ಲಿ ಮರಳುಕಾಗದ ಉಜ್ಜಿದ ಹಾಗೆ ಒಂದು ಒರಟು ಇದೆ, ಆಗಲೇ ಕಂಪನ ಅಗಲವಾಗಿದೆ. ಅವರು ಇಂಪಾದ ಶಾರೀರಕ್ಕೆ ಹೆಸರಾದ ಗಾಯಕರು ಯಾವ ಕಾಲಕ್ಕೂ ಆಗಿರಲಿಲ್ಲ. ತಮ್ಮನ್ನು ‘ಸಲೂನ್ ಗಾಯಕ’ ಎಂದು ಕರೆದುಕೊಳ್ಳುತ್ತಿದ್ದರು. ಇಲ್ಲಿ ಸಲೂನ್ ಎಂದರೆ ಪಾನಗೃಹ, ಕ್ಷೌರದಂಗಡಿ ಅಲ್ಲ (ನಿಮ್ಮ ಕ್ಯಾಬರೆ ಗಲಿಬಿಲಿ ಓದಿದ ಮೇಲೆ ಇದನ್ನೂ ಹೇಳಿಬಿಡುವುದು ಕ್ಷೇಮ; ಅಲ್ಲಿ ಕ್ಯಾಬರೆ ಎಂದರೆ ಸಣ್ಣ ಕ್ಲಬ್ಬು, ಹೋಟೆಲುಗಳಲ್ಲಿ ಜನ ಮೇಜಿನ ಮುಂದೆ ಕುಳಿತು ಕೇಳುವ ಹಾಡುಗಾರಿಕೆ). ಇಲಿನಾಯ್ ರಾಜ್ಯದ ಡ್ಯಾನ್‌ವಿಲ್ ಎಂಬ ಊರಿನಲ್ಲಿ ಹತ್ತು ಮಕ್ಕಳ ಸಂಸಾರದಲ್ಲಿ ಒಂಬತ್ತನೆಯವರಾಗಿ ಹುಟ್ಟಿ, ಪಿಯಾನೋ ನುಡಿಸುವುದನ್ನು ತಾವೇ ಕಲಿತು, ಇನ್ನೂ ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಅಂಥ ಪಾನಗೃಹಗಳಲ್ಲಿ ಹಾಡಿ ಮನೆಗೆ ನಾಲ್ಕು ಕಾಸು ತಂದವರು ಅವರು. ಹೊಗೆ, ಮಾತು, ಗ್ಲಾಸುಗಳ ಸದ್ದು ಇವುಗಳ ಮೇಲೆ ದನಿ ಕೇಳಿಸಬೇಕಾದ ಹುಡುಗನ ಕಂಠ ಹೇಗೆ ಪಳಗುತ್ತದೋ ಹಾಗೆಯೇ ಅವರ ಕಂಠ ಪಳಗಿತ್ತು.

ಕೊನೆಗಾಲದಲ್ಲಿ ಬದಲಾದದ್ದು ಬೇರೆ. ಅದನ್ನು ತಿಳಿಯಲು ಮೇಬಲ್ ಮರ್ಸರ್ ಅವರನ್ನು ನೆನೆಯಬೇಕು. 1900ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಪ್ಯಾರಿಸ್ಸಿನ ‘ಬ್ರಿಕ್‌ಟಾಪ್ಸ್’ ಕ್ಲಬ್ಬಿನಲ್ಲಿ ಸ್ವತಃ ಕೋಲ್ ಪೋರ್ಟರ್ ಅವರೇ ಬಂದು ಕೇಳುತ್ತಿದ್ದ ಗಾಯಕಿ ಈಕೆ. ನಂತರ ನ್ಯೂಯಾರ್ಕಿನಲ್ಲಿ ನೆಲೆಸಿ, ಬೆನ್ನು ನೆಟ್ಟಗೆ ಮಾಡಿ ಒಂದು ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹಾಡುತ್ತಿದ್ದರು. ವಯಸ್ಸಾದ ಮೇಲೆ ಅವರ ದನಿ ಬಹುಮಟ್ಟಿಗೆ ಮಾತಿನ ಹಂತಕ್ಕೆ ಇಳಿದಿತ್ತು, ಆದರೂ ಕೇಳುಗರು ದೂರವಾಗಲಿಲ್ಲ. 1968ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಟೌನ್ ಹಾಲ್ ಸಭಾಂಗಣದಲ್ಲಿ ಮರ್ಸರ್ ಮತ್ತು ಶಾರ್ಟ್ ಒಂದೇ ವೇದಿಕೆಯಲ್ಲಿ ಹಾಡಿದರು. ಅಟ್ಲಾಂಟಿಕ್ ಅದನ್ನು ಮುದ್ರಿಸಿ ಹೊರತಂದಿದೆ. ಆ ದಿನ ಆಕೆಗೆ ಅರುವತ್ತೆಂಟು, ಇವರಿಗೆ ನಲವತ್ತಮೂರು. ಅದನ್ನು ಕೇಳಿದರೆ ಇಬ್ಬರೂ ಹಾಡಿನ ಎರಡು ಬೇರೆ ದಡಗಳಲ್ಲಿ ನಿಂತಿದ್ದಾರೆ ಎನ್ನುವುದು ಸ್ಪಷ್ಟವಾಗುತ್ತದೆ. ಆಕೆ ಹಾಡನ್ನು ಹೇಳುತ್ತಾರೆ, ಇವರು ಹಾಡನ್ನು ಹಾರಿಸುತ್ತಾರೆ. ತೊಂಬತ್ತರ ದಶಕದ ಟೆಲಾರ್ಕ್ ಸಿ.ಡಿ.ಗಳಲ್ಲಿ ಶಾರ್ಟ್ ನಿಧಾನವಾಗಿ ಆಕೆಯ ದಡದ ಕಡೆಗೆ ನಡೆಯುತ್ತಿದ್ದಾರೆ ಎಂಬುದು ನನ್ನ ತಿಳಿವಳಿಕೆ. ನಮ್ಮಲ್ಲಿ ಕಾವ್ಯ ವಾಚಿಸುವ ಗಮಕಿಗಳನ್ನು ಕೇಳಿ ಬೆಳೆದವರಿಗೆ ಇದು ಅಪರಿಚಿತ ಅನ್ನಿಸಬಾರದು. ಅಲ್ಲಿ ರಾಗ ಇರುವುದು ಪದವನ್ನು ಹೊತ್ತು ತರುವುದಕ್ಕೆ, ಪದ ಇರುವುದು ರಾಗಕ್ಕೆ ನೆಪವಾಗುವುದಕ್ಕಲ್ಲ.

ಇದನ್ನು ಗುರುತಿಸುವ ಸುಲಭದ ಜಾಗ ಹಾಡಿನ ಪೀಠಿಕೆ. ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕಗಳಿಗೆಂದು ಬರೆದ ಆ ಕಾಲದ ಹಾಡುಗಳಲ್ಲಿ, ಎಲ್ಲರಿಗೂ ಗೊತ್ತಿರುವ ಮೂವತ್ತೆರಡು ಅಳತೆಯ (ನಮ್ಮ ತಾಳದ ಆವರ್ತದಂಥ ಎಣಿಕೆ) ಮುಖ್ಯ ಭಾಗಕ್ಕೆ ಮುಂಚೆ, ಅರೆಮಾತಿನಂಥ ಒಂದು ಚಿಕ್ಕ ಪೀಠಿಕೆ ಇರುತ್ತದೆ. ಹೆಚ್ಚಿನ ಗಾಯಕರು ಅದನ್ನು ಕೈಬಿಟ್ಟು ನೇರವಾಗಿ ಜನಪ್ರಿಯ ಸಾಲಿಗೆ ಹೋಗುತ್ತಾರೆ. ಶಾರ್ಟ್ ಅದನ್ನು ಹುಡುಕಿ ತಂದು ಹಾಡಿದವರು. ಎಲ್‌ಪಿಯಲ್ಲಿ ಪೀಠಿಕೆ ಎಂದರೆ ಮುಂದಿನ ಓಟಕ್ಕೆ ಸೊಂಟಕಟ್ಟುವ ಜಾಗ, ಸಿ.ಡಿ.ಗಳಲ್ಲಿ ಅವರು ಅಲ್ಲಿಯೇ ಕಾಲೂರಿ ನಿಲ್ಲುತ್ತಾರೆ. ಒಂದು ಪದ ಮುಗಿದು ಇನ್ನೊಂದು ಬರುವ ಮೊದಲು ಪಿಯಾನೋದಲ್ಲಿ ಎರಡೇ ಸ್ವರ ಮುಟ್ಟಿ ಬಿಡುತ್ತಾರೆ. ಮುಖ್ಯ ಭಾಗಕ್ಕೆ ಬರುವ ಹೊತ್ತಿಗೆ ಕಥೆ ಅರ್ಧ ಮುಗಿದಿರುತ್ತದೆ.

ನೀವು 1992ರ ‘ಲೇಟ್ ನೈಟ್’ನಿಂದ ಶುರು ಮಾಡಿ. ಅದು ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನ ಪಡೆದಿತ್ತು ಎಂಬುದು ನನ್ನ ಶಿಫಾರಸಿಗೆ ಕಾರಣವಲ್ಲ. ಅದರಲ್ಲಿ ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ನುಡಿಸಿದವರು ಬೆವರ್ಲಿ ಪಿಯರ್. ಮೂವತ್ತರ ದಶಕದಲ್ಲಿ ಚಿಕ್ ವೆಬ್ ಅವರ ಜಾಝ್ ತಂಡದಲ್ಲಿ, ಯುವ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ ಅವರ ಹಿಂದೆ ನಿಂತು ಬಾಸ್ ನುಡಿಸಿದ್ದ ಈ ಮನುಷ್ಯ, ಮುಂದೆ ಹಲವು ದಶಕ ಶಾರ್ಟ್ ಅವರ ಬಗಲಿನಲ್ಲೇ ಇದ್ದರು. ಗಾಯಕ ಯಾವ ಪದದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾನೆ ಎನ್ನುವುದನ್ನು ಗಾಯಕನಿಗಿಂತ ಮೊದಲೇ ಅರಿತವರು. ಪಿಯರ್ 1997ರಲ್ಲಿ ತೀರಿಕೊಂಡರು. ಆಮೇಲಿನ ಶಾರ್ಟ್ ಬೇರೆಯೇ ಒಂದು ಅಧ್ಯಾಯ, ಮತ್ತು ನೀವು ಎಡವಿದ 1999ರ ಸಿ.ಡಿ. ಸೇರುವುದು ಆ ಅಧ್ಯಾಯಕ್ಕೆ.


ರಾತ್ರಿಪಾಳಿ:

ಕಪ್ಪು ಎರಡು ಅವರು ಬರೆದಿರುವುದರಲ್ಲಿ ಮುಕ್ಕಾಲು ಪಾಲನ್ನು ಒಪ್ಪುತ್ತೇನೆ. ಉಳಿದ ಕಾಲು ಭಾಗದ ಬಗ್ಗೆ ತಕರಾರಿದೆ. ದೊಡ್ಡ ಕಲಾವಿದರ ಕೊನೆಗಾಲದ ದೌರ್ಬಲ್ಯವನ್ನೆಲ್ಲ ‘ಪಕ್ವತೆ’ ಎಂದು ಕರೆಯುವ ಅಭ್ಯಾಸ ಸಂಗೀತ ರಸಿಕರಲ್ಲಿ ಇದೆ, ನಾನೂ ಅದಕ್ಕೆ ಹೊರತಲ್ಲ. ಆದರೆ ಶಾರ್ಟ್ ಅವರನ್ನು ಮರ್ಸರ್ ಅವರ ಹಾದಿಯಲ್ಲಿ ನಡೆಸುವುದು ಇಬ್ಬರಿಗೂ ಅನ್ಯಾಯ. ಮರ್ಸರ್ ದನಿ ಇಳಿದಾಗ ದನಿಯನ್ನು ಇಳಿಯಲು ಬಿಟ್ಟರು. ಶಾರ್ಟ್ ಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೂ ಅವರು ತಲೆ ಹಿಂದಕ್ಕೆ ಎಸೆದು, ಇದ್ದಷ್ಟೂ ಬಲ ಹಾಕಿ ಹಾಡಿನ ಕೊನೆಯ ಸ್ವರದ ಮೇಲೆ ದಾಳಿ ಮಾಡುತ್ತಲೇ ಇದ್ದರು. ಹಳೆಪ್ಲೇಟು ಅವರಿಗೆ ಕೇಳಿಸಿದ ಬಿರುಕು ಅಲ್ಲಿಯದು. ಅದು ಮಾತಿಗೆ ಇಳಿದವನ ದನಿಯಲ್ಲ, ಇಳಿಯಲು ಒಪ್ಪದವನ ದನಿ. ಹಾಗೆಂದು ಕೇಳಿದರೆ ಆ ಬಿರುಕೇ ಬೇರೆ ರೀತಿ ಕೇಳಿಸುತ್ತದೆ.

ಆ ಕಂಠ ಮಾಡಿದ ದುಡಿಮೆಯ ಲೆಕ್ಕವನ್ನೂ ಸ್ವಲ್ಪ ಹಾಕಬೇಕು. ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂ ಮತ್ತು 76ನೇ ಬೀದಿ ಸೇರುವಲ್ಲಿರುವ ಕಾರ್ಲೈಲ್ ಹೋಟೆಲಿನ ಕೆಫೆಯಲ್ಲಿ ಜಾರ್ಜ್ ಫಾಯರ್ ಎಂಬ ಪಿಯಾನೋ ವಾದಕರು ಕಾಯಂ ಆಗಿ ನುಡಿಸುತ್ತಿದ್ದರು. 1968ರಲ್ಲಿ ಅವರು ರಜೆಯ ಮೇಲೆ ಹೋದಾಗ ಎರಡು ವಾರದ ಮಟ್ಟಿಗೆ ಬದಲಿಯಾಗಿ ಬಂದವರು ಶಾರ್ಟ್. ಬದಲಿಗೆ ಬಂದವರು 2004ರವರೆಗೆ ಅಲ್ಲಿಂದ ಎದ್ದು ಹೋಗಲಿಲ್ಲ. ವರ್ಷದಲ್ಲಿ ಹಲವು ತಿಂಗಳು, ಹೆಚ್ಚುಕಡಿಮೆ ಪ್ರತಿ ರಾತ್ರಿ, ಒಂದೇ ರಾತ್ರಿಯಲ್ಲಿ ಒಂದಕ್ಕಿಂತ ಹೆಚ್ಚು ಸರದಿ. ಹೀಗೆ ಮೂವತ್ತಾರು ವರ್ಷ. ಸಭಾಂಗಣದಲ್ಲಿ ವಾರಕ್ಕೊಂದು ಕಚೇರಿ ಕೊಟ್ಟು ಉಳಿದ ದಿನ ಬಿಸಿನೀರು ಕುಡಿದು ಕಂಠ ಕಾಪಾಡಿಕೊಳ್ಳುವವರ ಜೊತೆ ಇವರನ್ನು ಹೋಲಿಸಲಾಗದು. ನಾನು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವನಾದ್ದರಿಂದ ಈ ವಿಷಯದಲ್ಲಿ ನನಗೆ ತುಸು ಪಕ್ಷಪಾತ ಇದೆ ಎಂದು ಒಪ್ಪಿಕೊಳ್ಳುತ್ತೇನೆ.

ಇನ್ನು ಪಿಯಾನೋ. ಶಾರ್ಟ್ ಅವರ ಬಗ್ಗೆ ಬರೆಯುವವರೆಲ್ಲ ಗಾಯನದ ಬಗ್ಗೆ ಬರೆದು, ಎರಡು ಕೈಗಳನ್ನು ಮರೆತುಬಿಡುತ್ತಾರೆ. 1974ರ ಅಟ್ಲಾಂಟಿಕ್ ಮುದ್ರಿಕೆ ‘ಲೈವ್ ಅಟ್ ದ ಕೆಫೆ ಕಾರ್ಲೈಲ್’ ನಿಮ್ಮ ಪೆಟ್ಟಿಗೆಯಲ್ಲಿ ಇಲ್ಲ. ಇದ್ದಿದ್ದರೆ ಮೊದಲು ಅದನ್ನೇ ಕೇಳಿ ಎನ್ನುತ್ತಿದ್ದೆ. ಬಾಸ್, ಡ್ರಮ್ಸ್ ಎರಡೇ ಪಕ್ಕವಾದ್ಯ. ಉಳಿದದ್ದನ್ನೆಲ್ಲ, ಅಂದರೆ ಲಯದ ತಳಪಾಯ, ಹಾಡಿನ ನಡುವಿನ ವಾದ್ಯಭಾಗ, ಗಾಯಕನ ಸಾಲಿಗೆ ಚೇಷ್ಟೆಯ ಉತ್ತರ ಎಲ್ಲವನ್ನೂ ಪಿಯಾನೋ ಮಾಡಬೇಕು. ಅಲ್ಲಿ ಅವರ ಎಡಗೈ ಸುಮ್ಮನೆ ಕೂರುವುದೇ ಇಲ್ಲ. ತೊಂಬತ್ತರ ದಶಕದಲ್ಲಿ ಬೇರೆ ವಾದ್ಯಗಳು ಬಂದು ಸೇರುತ್ತವೆ. ನಿಮ್ಮಲ್ಲಿರುವ 1993ರ ಸಿ.ಡಿ.ಯಲ್ಲಿ ಹೊವರ್ಡ್ ಆಲ್ಡೆನ್ ಅವರ ಗಿಟಾರ್, ಡ್ಯಾನ್ ಬ್ಯಾರೆಟ್ ಅವರ ಟ್ರಾಂಬೋನ್ (ಹಿತ್ತಾಳೆಯ ಊದುವಾದ್ಯ) ಇರುವ ಐದು ಜನರ ತಂಡವಿದೆ. 1998ರಲ್ಲಿ ಕಾರ್ಲೈಲ್ ಕೆಫೆಯಲ್ಲಿ ಅವರು ಕಳೆದ ಮೂವತ್ತು ವರ್ಷದ ನೆನಪಿಗೆ ಬಂದ ಮುದ್ರಿಕೆಯಲ್ಲಂತೂ ಊದುವಾದ್ಯಗಳ ದೊಡ್ಡ ತಂಡವೇ ಇದೆ. ಕೇಳಲು ಹಬ್ಬದ ಹಾಗಿರುತ್ತದೆ, ನಿಜ. ಆದರೆ ತಾನೇ ಹಾಡಿ ತಾನೇ ನುಡಿಸಿ ಒಂದು ಕೋಣೆಯನ್ನು ಹಿಡಿದಿಡುತ್ತಿದ್ದ ಒಬ್ಬನೇ ಮನುಷ್ಯನ ರೋಮಾಂಚನ ಅಲ್ಲಿ ಹಂಚಿಹೋಗಿದೆ.

ಆದ್ದರಿಂದ ನನ್ನ ಸಲಹೆಯೂ ಕೊನೆಗೆ ಕಪ್ಪು ಎರಡು ಅವರ ಸಲಹೆಯೇ, ಕಾರಣ ಮಾತ್ರ ಬೇರೆ: ‘ಲೇಟ್ ನೈಟ್’ನಲ್ಲಿ ಇನ್ನೂ ಆ ಎರಡು ಕೈಗಳು ಕೇಳಿಸುತ್ತವೆ.


ಸಾಹಿತ್ಯವೇ ಮೊದಲು:

ಇಬ್ಬರೂ ಹಿರಿಯರು ಕೋಲ್ ಪೋರ್ಟರ್ ಸುತ್ತಲೇ ಸುತ್ತುತ್ತಿದ್ದಾರೆ. ಶಾರ್ಟ್ ಅವರ ಕೊನೆಗಾಲ ಯಾವುದರಿಂದ ಶುರುವಾಯಿತು ಎಂದು ನನ್ನನ್ನು ಕೇಳಿದರೆ, ಹಳೆಪ್ಲೇಟು ಅವರ ಪೆಟ್ಟಿಗೆಯಲ್ಲಿ ಇಲ್ಲದ ಒಂದು ಮುದ್ರಿಕೆಯ ಹೆಸರನ್ನು ಹೇಳುತ್ತೇನೆ. ಅದು 1987ರಲ್ಲಿ ಅಟ್ಲಾಂಟಿಕ್ ಹೊರತಂದ ‘ಗೆಸ್ ಹೂಸ್ ಇನ್ ಟೌನ್’. ಅದರಲ್ಲಿರುವುದೆಲ್ಲ ಆ್ಯಂಡಿ ರಝಾಫ್ ಅವರು ಬರೆದ ಹಾಡುಗಳು.

ರಝಾಫ್ ಯಾರು ಎಂದು ಗೊತ್ತಿಲ್ಲದವರೂ ಅವರ ಸಾಲುಗಳನ್ನು ಕೇಳಿರುವ ಸಾಧ್ಯತೆ ಇದೆ. ಜಾಝ್ ಪಿಯಾನೋ ವಾದಕ ಫ್ಯಾಟ್ಸ್ ವಾಲರ್ ಸ್ವರ ಹಾಕಿದ ‘ಏಂಟ್ ಮಿಸ್‌ಬಿಹೇವಿನ್’ ಮತ್ತು ‘ಹನಿಸಕಲ್ ರೋಸ್’ ಬರೆದವರು ಇವರೇ. ಮಡಗಾಸ್ಕರ್ ದೇಶದ ಕೊನೆಯ ರಾಣಿ ಮೂರನೆಯ ರಾಣಾವಲೋನಾ ಅವರ ವಂಶದ ಕುಡಿ. ಫ್ರೆಂಚರು ಆ ದ್ವೀಪವನ್ನು ಆಕ್ರಮಿಸಿದ ಗಲಭೆಯಲ್ಲಿ ತಂದೆ ತೀರಿಹೋದರು, ಗರ್ಭಿಣಿಯಾಗಿದ್ದ ತಾಯಿ ಅಮೆರಿಕಕ್ಕೆ ಮರಳಿದರು. ಮಗು ಹುಟ್ಟಿದ್ದು 1895ರಲ್ಲಿ ವಾಷಿಂಗ್ಟನ್ನಿನಲ್ಲಿ. ರಾಜವಂಶದ ಆ ಹುಡುಗ ನ್ಯೂಯಾರ್ಕಿನಲ್ಲಿ ಲಿಫ್ಟ್ ನಡೆಸುವ ಕೆಲಸ ಮಾಡುತ್ತಾ ಹಾಡು ಬರೆಯಲು ಶುರುಮಾಡಿದ. ತಮಾಷೆಯ, ಪೋಲಿತನದ ಹಾಡುಗಳ ನಡುವೆಯೇ 1929ರಲ್ಲಿ, ತಾನು ಮಾಡಿದ ಪಾಪವೆಂದರೆ ತನ್ನ ಚರ್ಮದ ಬಣ್ಣ ಎಂದು ಕಪ್ಪು ಮನುಷ್ಯನೊಬ್ಬ ನೋಯುವ ಹಾಡನ್ನೂ ಬರೆದವರು ಇವರು.

ಇದನ್ನು ಏಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂದರೆ, ಬಾಬಿ ಶಾರ್ಟ್ ಎಂದರೆ ನ್ಯೂಯಾರ್ಕಿನ ಸಿರಿವಂತ ಬಿಳಿಯರಿಗೆ ಅವರದೇ ಹಳೆಯ ಹಾಡುಗಳನ್ನು ಚೊಕ್ಕಟವಾಗಿ ಹಾಡಿ ಸಂತೋಷಪಡಿಸಿದ ಕಪ್ಪು ಕಲಾವಿದ ಎಂಬ ಒಂದು ಸೋಮಾರಿ ಚಿತ್ರ ಇದೆ. ಕಾರ್ಲೈಲ್ ಕೆಫೆಯ ವಾತಾವರಣವೂ ಆ ಚಿತ್ರಕ್ಕೆ ಇಂಬು ಕೊಡುತ್ತದೆ: ಸುಮಾರು ತೊಂಬತ್ತು ಜನ ಹಿಡಿಸುವ ಕೋಣೆ, ಗೋಡೆಯ ತುಂಬ ಮಾರ್ಸೆಲ್ ವೆರ್ಟೆಸ್ ಬಿಡಿಸಿದ ಚಿತ್ರಗಳು, ದುಬಾರಿ ಊಟ. ಆದರೆ ಶಾರ್ಟ್ ಅವರು ಬಿಳಿಯರಾದ ಪೋರ್ಟರ್, ಗರ್ಶ್ವಿನ್ ಇವರ ಹಾಡುಗಳ ಜೊತೆಗೆ ಕಪ್ಪು ಸಂಗೀತಗಾರರಾದ ಡ್ಯೂಕ್ ಎಲಿಂಗ್‌ಟನ್, ವಾಲರ್, ಬೆಸ್ಸಿ ಸ್ಮಿತ್ ಇವರನ್ನು ಅದೇ ಕೋಣೆಯಲ್ಲಿ, ಅದೇ ಸೂಟಿನಲ್ಲಿ, ಒಂದು ತೂಕವೂ ಕಡಿಮೆ ಮಾಡದೆ ಹಾಡುತ್ತಿದ್ದರು. ಬೇರೆ ಹೊತ್ತಿನಲ್ಲಿಯೂ ಈ ಋಣವನ್ನು ಅವರು ಮರೆಯಲಿಲ್ಲ. ಸೆಂಟ್ರಲ್ ಪಾರ್ಕಿನ ಈಶಾನ್ಯ ಮೂಲೆಯಲ್ಲಿ, ಕಪ್ಪು ಜನರ ನೆಲೆಯೆಂದು ಹೆಸರಾದ ಹಾರ್ಲೆಮ್ ಬಡಾವಣೆ ಶುರುವಾಗುವ ಜಾಗದಲ್ಲಿ ಎಲಿಂಗ್‌ಟನ್ ಅವರ ಸ್ಮಾರಕ ನಿಲ್ಲಲೇಬೇಕೆಂದು ವರ್ಷಾನುಗಟ್ಟಲೆ ಹಣ ಕೂಡಿಸಲು ಓಡಾಡಿದವರು ಶಾರ್ಟ್. ಅದು 1997ರಲ್ಲಿ ಅನಾವರಣಗೊಂಡಿತು.

ಈಗ ದನಿಯ ವಿಷಯ. 1987ರ ಆ ಮುದ್ರಿಕೆಯಲ್ಲಿ ಅವರಿಗೆ ಅರವತ್ತಮೂರರ ಆಸುಪಾಸು. ಒರಟು ಹೆಚ್ಚಾಗಿದೆ, ಬಿರುಕು ಇನ್ನೂ ಬಂದಿಲ್ಲ. ಪೋರ್ಟರ್ ಅವರ ನುಣುಪಾದ ಪ್ರಾಸಗಳಿಗೆ ಆ ಒರಟು ಕೆಲವೊಮ್ಮೆ ಅಡ್ಡಿ ಎನ್ನುವುದನ್ನು ನಾನು ಒಪ್ಪುತ್ತೇನೆ. ಪೋರ್ಟರ್ ಪ್ರಾಸ ರೇಷ್ಮೆ ಸೀರೆಯ ಅಂಚಿನ ಹಾಗೆ, ಬೆರಳು ಒರಟಾಗಿದ್ದರೆ ಎಳೆ ಕಿತ್ತು ಬರುತ್ತದೆ. ರಝಾಫ್ ಅವರ ಸಾಲು ಕೈಮಗ್ಗದ ಬಟ್ಟೆ, ಒರಟು ಕೈಯಲ್ಲೇ ಅದಕ್ಕೆ ಹಿತ. ಹಳೆಪ್ಲೇಟು ಅವರಿಗೆ 1999ರ ಸಿ.ಡಿ. ಒಗ್ಗದಿರುವುದಕ್ಕೆ ಗಾಯಕರ ವಯಸ್ಸು ಎಷ್ಟು ಕಾರಣವೋ, ಆ ವಯಸ್ಸಿನಲ್ಲಿ ಆರಿಸಿಕೊಂಡ ಕವಿಯೂ ಅಷ್ಟೇ ಕಾರಣ ಇರಬಹುದು.


ಕಪ್ಪು ಎರಡು:

ಸಾಹಿತ್ಯವೇ ಮೊದಲು ಅವರೇ, ನನ್ನನ್ನು ಹಿರಿಯ ಎಂದದ್ದಕ್ಕೆ ಆಕ್ಷೇಪವಿದೆ, ಉಳಿದದ್ದಕ್ಕೆ ಇಲ್ಲ. ರಝಾಫ್ ಮುದ್ರಿಕೆಯನ್ನು ನಾನು ಉಲ್ಲೇಖಿಸಬೇಕಿತ್ತು.

ರಾತ್ರಿಪಾಳಿ ಅವರ ‘ಇಳಿಯಲು ಒಪ್ಪದವನ ದನಿ’ ಎಂಬ ಮಾತನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ‘ಸಾಂಗ್ಸ್ ಆಫ್ ನ್ಯೂಯಾರ್ಕ್’ ಕೇಳಿದೆ. ವೇಗದ ಹಾಡುಗಳ ಮಟ್ಟಿಗೆ ಅವರದೇ ಸರಿ, ನನ್ನ ವಾದ ಅಲ್ಲಿ ನಿಲ್ಲುವುದಿಲ್ಲ. ನಿಧಾನದ ಹಾಡುಗಳ ವಿಷಯದಲ್ಲಿ ಮಾತ್ರ ನನ್ನ ಪಟ್ಟು ಸಡಿಲಿಸಲಾರೆ.


ಸೂಜಿಮೊನೆ:

ಇಲ್ಲಿಯವರೆಗೆ ಎಲ್ಲರೂ ಕಂಠದ ಬಗ್ಗೆಯೇ ಬರೆದಿದ್ದೀರಿ. ಮೈಕಿನ ಬಗ್ಗೆಯೂ ಒಂದಿಷ್ಟು ಹೇಳಬೇಕು, ಏಕೆಂದರೆ ಹಳೆಪ್ಲೇಟು ಅವರು ಹೋಲಿಸುತ್ತಿರುವುದು ಇಬ್ಬರು ಶಾರ್ಟ್‌ಗಳನ್ನು ಮಾತ್ರವಲ್ಲ, ಎರಡು ಮುದ್ರಣ ಪದ್ಧತಿಗಳನ್ನೂ ಹೌದು.

1971ರ ಪ್ಲೇಟು ಟೇಪಿನ ಮೇಲೆ ಮುದ್ರಿತವಾಗಿ, ಅಲ್ಲಿಂದ ವಿನೈಲ್ ತಟ್ಟೆಗೆ ಬಂದದ್ದು. ಆ ಹಾದಿಯಲ್ಲಿ ದನಿಯ ಚೂಪು ಅಂಚುಗಳು ಸ್ವಲ್ಪ ದುಂಡಗಾಗುತ್ತವೆ, ಅದಕ್ಕೇ ಎಲ್ಲರೂ ಎಲ್‌ಪಿ ಬೆಚ್ಚಗಿದೆ ಎನ್ನುವುದು. ಟೆಲಾರ್ಕ್ 1977ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿದ ಕಂಪನಿ. ಡಿಜಿಟಲ್ ಮುದ್ರಣವನ್ನು ಮೊದಮೊದಲು ಕೈಗೆತ್ತಿಕೊಂಡವರಲ್ಲಿ ಅವರೂ ಒಬ್ಬರು. ರಷ್ಯಾದ ಸಂಗೀತಕಾರ ಚೈಕೋವ್‌ಸ್ಕಿಯ ಒಂದು ಕೃತಿಗೆ ನಿಜವಾದ ಫಿರಂಗಿಗಳನ್ನು ಹಾರಿಸಿ ಮುದ್ರಿಸಿ, ‘ನಿಮ್ಮ ಸ್ಪೀಕರ್ ಹಾಳಾದೀತು, ಎಚ್ಚರ’ ಎಂಬ ಸೂಚನೆ ಅಂಟಿಸಿ ಮಾರಿದ ಮಹಾನುಭಾವರು ಇವರೇ. ಇದ್ದದ್ದನ್ನು ಇದ್ದ ಹಾಗೆ, ಏರಿಳಿತ ಒತ್ತದೆ ಹಿಡಿಯಬೇಕು ಎನ್ನುವುದು ಅವರ ಛಲ. ಫಿರಂಗಿಗೆ ಹಿಡಿದ ಆ ಛಲವನ್ನು ಎಪ್ಪತ್ತು ದಾಟಿದ ಒಂದು ಗಂಟಲಿನ ಮುಂದೆ ಹಿಡಿದರೆ, ತುಟಿ ತೆರೆಯುವ ಸದ್ದೂ ಉಸಿರೆಳೆಯುವ ಸದ್ದೂ ನಿಮ್ಮ ಕೋಣೆಗೆ ಬಂದು ಕೂರುತ್ತವೆ. ಕೆಫೆಯಲ್ಲಿ ಹತ್ತಡಿ ದೂರ ಕುಳಿತವರಿಗೆ ಕೇಳಿಸಿರಲಾರದ ಬಿರುಕು ನಿಮಗೆ ಕೇಳಿಸುತ್ತಿದೆ.

ಅದಕ್ಕೆ ಎರಡು ಉಪಾಯ. ಸಿ.ಡಿ.ಗಳನ್ನು ಹೆಡ್‌ಫೋನಿನಲ್ಲಿ ಕೇಳಬೇಡಿ, ಸ್ಪೀಕರಿನಲ್ಲಿ ಕೇಳಿ, ಸ್ವಲ್ಪ ದೂರ ಕುಳಿತುಕೊಳ್ಳಿ. ಎಲ್‌ಪಿಯ ಮಟ್ಟಕ್ಕೆ ಇವುಗಳ ದನಿ ಸಣ್ಣದೆನ್ನಿಸಿದರೆ ವಾಲ್ಯೂಮ್ ತುಸು ಏರಿಸಿ. ಮುದ್ರಿಕೆಯ ದೋಷವೆಂದು ತಿಳಿಯಬೇಡಿ, ಏರಿಳಿತಕ್ಕೆ ಜಾಗ ಉಳಿಸಲು ಅವರು ಹಾಗೆ ಮಾಡುತ್ತಾರೆ.

ಎಲ್‌ಪಿಯ ಸ್ಥಿತಿ ಹೇಗಿದೆ ಎಂದು ನೀವು ಬರೆದಿಲ್ಲ. ಮೈಸೂರಿನ ಮಳೆಗಾಲ ಕಂಡ ಪ್ಲೇಟಾದರೆ ಸೂಜಿ ಓಡುವ ಗೀರುಗಳ ಒಳಗೆ ಬೂಷ್ಟು ಕೂತಿರಬಹುದು. ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಗೀರಿನ ಸುತ್ತುಗುಂಟ ಒರೆಸಿ, ಅಡ್ಡಡ್ಡ ಒರೆಸಬೇಡಿ. ನಡುವಿನ ಲೇಬಲ್ಲಿಗೆ ನೀರು ತಾಗಬಾರದು. ನೆರಳಿನಲ್ಲೇ ಒಣಗಲಿ, ಬಿಸಿಲಿಗಿಟ್ಟರೆ ಪ್ಲೇಟು ಹಪ್ಪಳವಾಗುತ್ತದೆ.


ಹಳೆಪ್ಲೇಟು:

ಎಲ್ಲರಿಗೂ ಧನ್ಯವಾದಗಳು. ಉತ್ತರ ಬರೆಯಲು ಮೂರು ವಾರ ತಡವಾದದ್ದಕ್ಕೆ ಕ್ಷಮೆ ಇರಲಿ. ನೀವು ಹೇಳಿದ ಕ್ರಮದಲ್ಲೇ ಕೇಳಬೇಕೆಂದು ಹಟ ಹಿಡಿದಿದ್ದೆ.

‘ಲೇಟ್ ನೈಟ್’ನಿಂದ ಶುರು ಮಾಡಿದೆ. ಮೊದಲೆರಡು ದಿನ ಪಿಯರ್ ಅವರ ಬಾಸ್ ಎಲ್ಲಿದೆ ಎಂದು ಹುಡುಕುವುದರಲ್ಲೇ ಕಳೆಯಿತು. ನಮ್ಮ ಮನೆಯ ಸಣ್ಣ ಸ್ಪೀಕರಿನಲ್ಲಿ ಅದು ಕೇಳಿಸುವುದೇ ಕಷ್ಟ. ಸೂಜಿಮೊನೆ ಅವರ ಮಾತಿನಂತೆ ವಾಲ್ಯೂಮ್ ಏರಿಸಿ, ಹಾಲಿನಿಂದ ಅಡುಗೆಮನೆಯ ಬಾಗಿಲಿನವರೆಗೆ ಹಿಂದೆ ಸರಿದು ನಿಂತಾಗ, ಗಾಯಕರು ಒಂದು ಪದದ ಮೇಲೆ ನಿಂತಷ್ಟು ಹೊತ್ತೂ ಬಾಸ್ ಕೂಡ ಕಾದು ನಿಂತು, ಅವರು ಹೆಜ್ಜೆ ಎತ್ತಿದ ಕ್ಷಣಕ್ಕೆ ಸರಿಯಾಗಿ ಹೆಜ್ಜೆ ಎತ್ತುವುದು ತಿಳಿಯಿತು. ಗೊಗ್ಗರು ಅಲ್ಲೂ ಇದೆ, ಆದರೆ ಬಾಗಿಲ ಬಳಿಯಿಂದ ಕೇಳಿದಾಗ ಅದು ದೋಷ ಎನ್ನಿಸಲಿಲ್ಲ. ಪಕ್ಕದ ಕೋಣೆಯಲ್ಲಿ ವಯಸ್ಸಾದ ಒಬ್ಬರು ಯಾರಿಗೋ ಏನೋ ವಿವರಿಸಿ ಹೇಳುತ್ತಿರುವ ಹಾಗಿತ್ತು.

1993ರ ಸಿ.ಡಿ.ಯ ಟ್ರಾಂಬೋನ್ ನನಗೆ ಇಷ್ಟವಾಯಿತು, ಈ ವಿಷಯದಲ್ಲಿ ರಾತ್ರಿಪಾಳಿ ಅವರು ಬೇಸರಿಸಬಾರದು. ನಡುವೆ ‘ಸಾಂಗ್ಸ್ ಆಫ್ ನ್ಯೂಯಾರ್ಕ್’ ಕೇಳುತ್ತಿದ್ದಾಗ ಅತ್ತೆ ಬಂದಿದ್ದರು. ನ್ಯೂಜೆರ್ಸಿಯ ಎಡಿಸನ್ ಊರಿನ ಮನೆಯಲ್ಲಿ ಚಳಿಗಾಲದ ಭಾನುವಾರಗಳಂದು ಮಾವ ಡ್ರೈವ್‌ವೇಯ ಹಿಮ ಎತ್ತಿಹಾಕಿ ಒಳಗೆ ಬಂದ ಮೇಲೆ ಹಾಕುತ್ತಿದ್ದ ಹಾಡು ಇದೇ ಎಂದು ಗುರುತು ಹಿಡಿದರು. ಮಾವ ಎಂದಾದರೂ ಆ ಕೆಫೆಗೆ ಹೋಗಿದ್ದರೇ ಎಂದು ಕೇಳಿದೆ. ಒಮ್ಮೆ ಹೋಟೆಲಿನ ಬಾಗಿಲವರೆಗೆ ಹೋಗಿ, ಹೊರಗಿನ ದರಪಟ್ಟಿ ನೋಡಿ ವಾಪಸ್ಸು ಬಂದು, ಅದೇ ವಾರ ಈ ಸಿ.ಡಿ. ಕೊಂಡರಂತೆ.

ಕೊನೆಗೆ 1999ರದನ್ನು ಮತ್ತೆ ಹಾಕಿದೆ. ನಿಧಾನದ ಹಾಡುಗಳು ಈಗ ಒಗ್ಗಿವೆ, ಅಲ್ಲಿ ಕಪ್ಪು ಎರಡು ಅವರು ಹೇಳಿದ ಪೀಠಿಕೆಯ ನಿಲುಗಡೆಗಳು ಸ್ಪಷ್ಟವಾಗಿ ಕೇಳಿಸುತ್ತವೆ. ರಭಸದ ಹಾಡುಗಳು ಇನ್ನೂ ಒಗ್ಗಿಲ್ಲ, ಸುಳ್ಳು ಹೇಳುವುದಿಲ್ಲ. ರಝಾಫ್ ಮುದ್ರಿಕೆಯನ್ನು ಹುಡುಕುತ್ತಿದ್ದೇನೆ.

ಎಲ್‌ಪಿಯನ್ನು ಒರೆಸಿದೆ. ಮೂರು ಮುಖ ಚೆನ್ನಾಗಿ ಬಂದಿವೆ. ಒಂದು ಮುಖದಲ್ಲಿ ಬೂಷ್ಟಿನ ಕೆಳಗೆ ಆಳವಾದ ಗೀಚು ಕಾಣಿಸಿತು, ಎರಡನೆಯ ಹಾಡಿನ ನಡುವೆ ಸೂಜಿ ಹಿಂದಕ್ಕೆ ಹಾರಿ ಅದೇ ಅರ್ಧ ಸಾಲನ್ನು ಮತ್ತೆ ಮತ್ತೆ ಹಾಡಿಸುತ್ತದೆ. ಸೂಜಿ ಹೊತ್ತ ತೋಳಿನ ಭಾರ ಎರಡು ಗ್ರಾಮ್ ಇಟ್ಟಿದ್ದೇನೆ. ಸೂಜಿಮೊನೆ ಅವರೇ, ಇದನ್ನು ಇನ್ನೂ ಏರಿಸಬಹುದೇ, ಅಥವಾ ಆ ಹಾಡನ್ನು ದಾಟಿಸಿ ಸೂಜಿ ಇಡುವುದೇ ಒಳ್ಳೆಯದೇ?


ಸೂಜಿಮೊನೆ:

ಭಾರ ಏರಿಸಬೇಡಿ, ಪ್ಲೇಟು ಬೇಗ ಸವೆಯುತ್ತದೆ. ದಾಟಿಸಿ ಇಡಿ.